ಬೆಳ್ಳಕ್ಕಿ ಸುಣ್ಣದುಂಡೆಯಾಗದಿರಲು: ಹಕ್ಕಿ ಛಾಯಾಗ್ರಹಣದ ಪ್ರಶ್ನೋತ್ತರ

ಹಕ್ಕಿಗಳ ಫೋಟೊ ತೆಗೆಯುವ ಹವ್ಯಾಸದ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ, ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇವೆ.

ಧಾರವಾಡದ ಕೆಲಗೇರಿ ಕೆರೆಯಲ್ಲಿ ಬೆಳ್ಳಕ್ಕಿಯ ಚಿತ್ರ ತೆಗೆದರೆ ಬರೀ ಸುಣ್ಣದುಂಡೆಯಂತೆ ಬರುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ತಂತಿಯ ಮೇಲೆ ಕೂತ ಕಾಜಾಣ ಇದಕ್ಕೆ ತದ್ವಿರುದ್ಧ: ಕಣ್ಣೂ ಕಾಣದ ಕಪ್ಪು ಮುದ್ದೆ. ಕ್ಯಾಮೆರಾ ಕೆಟ್ಟಿದೆಯೇ? (ಧಾರವಾಡದಿಂದ)

ಕೆಟ್ಟಿಲ್ಲ. ಚೌಕಟ್ಟಿನಲ್ಲಿ ಕಾಣುವುದನ್ನೆಲ್ಲ ಸರಾಸರಿ ಮಾಡಿ ನಡುಮಧ್ಯದ ಬೂದು ಬಣ್ಣಕ್ಕೆ ತರುವುದು ಕ್ಯಾಮೆರಾದ ಮೀಟರಿನ ಕೆಲಸ. ಕಡು ಹಸಿರು ನೀರಿನ ನಡುವೆ ಬೆಳ್ಳಕ್ಕಿ ಸಣ್ಣದಾಗಿ ನಿಂತಿದ್ದರೆ ಮೀಟರು ಅಳೆಯುವುದು ನೀರನ್ನೇ. ನೀರು ಕಪ್ಪಾಗಿದೆ ಎಂದು ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ಬಿಳುಪು ಸುಟ್ಟುಹೋಗುತ್ತದೆ. ಕಾಜಾಣದ ಹಿಂದೆ ಬೆಳ್ಳನೆಯ ಆಕಾಶವಿದೆ, ಅಲ್ಲಿ ಬೆಳಕು ತಗ್ಗಿಸುತ್ತದೆ.

ಕೈಯಲ್ಲಿರುವ ಮದ್ದು ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಮೀಟರು ಹೇಳಿದ ಬೆಳಕನ್ನು ನಾವೇ ಹೆಚ್ಚು (ಪ್ಲಸ್) ಕಡಿಮೆ (ಮೈನಸ್) ಮಾಡುವುದು. ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಬಿಳಿ ಹಕ್ಕಿ ಇದ್ದರೆ ಮೈನಸ್ 1ರಿಂದ ಮೈನಸ್ 1.7. ಆಕಾಶದ ಎದುರಿನ ಕಪ್ಪು ಹಕ್ಕಿಗೆ ಪ್ಲಸ್ 1ರಿಂದ ಪ್ಲಸ್ 1.7, ಆಕಾಶ ಬಿಳಚಿಕೊಳ್ಳುತ್ತದೆ, ಅದರ ಚಿಂತೆ ಬೇಡ. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಬಿಳಿ ಹಕ್ಕಿ ಎಂದರೆ ಯಾವಾಗಲೂ ಮೈನಸ್ ಎಂದು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದೇ ಬೆಳ್ಳಕ್ಕಿ ಹತ್ತಿರ ಬಂದು ಚೌಕಟ್ಟನ್ನೆಲ್ಲ ತುಂಬಿದರೆ ಮೀಟರು ಆ ಬಿಳುಪನ್ನೇ ಬೂದು ಮಾಡಲು ಹೊರಡುತ್ತದೆ. ಆಗ ಪ್ಲಸ್ 0.3ರಿಂದ ಪ್ಲಸ್ 0.7 ಬೇಕು. ಹಕ್ಕಿಯ ಬಣ್ಣದ ಜೊತೆಗೆ ಅದು ಚೌಕಟ್ಟಿನಲ್ಲಿ ಎಷ್ಟು ಜಾಗ ಹಿಡಿದಿದೆ, ಹಿಂದೆ ಏನಿದೆ ಎಂಬುದನ್ನೂ ನೋಡಲೇಬೇಕು.

ಬೆಳಕು ಸ್ಥಿರವಾಗಿರುವ ದಿನ ನಮ್ಮ ಸಲಹೆ ಮ್ಯಾನ್ಯುಯಲ್ ಮೋಡ್, ಅಂದರೆ ಎಲ್ಲ ಅಳತೆಗಳನ್ನೂ ನೀವೇ ನಿಗದಿ ಮಾಡುವುದು. ಆಕಾಶದಲ್ಲಿದ್ದ ಬೆಳ್ಳಕ್ಕಿ ಮರಗಳ ಮುಂದೆ ಹಾದು ನೀರಿಗಿಳಿಯುವಷ್ಟರಲ್ಲಿ ಹಿನ್ನೆಲೆ ಮೂರು ಸಲ ಬದಲಾಗುತ್ತದೆ, ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಬದಲಾಗುವುದಿಲ್ಲ. ಮೋಡವಿಲ್ಲದ ಬೆಳಗ್ಗೆ, ಸೂರ್ಯ ಚೆನ್ನಾಗಿ ಮೇಲೆ ಬಂದ ಬಳಿಕ, ಬಿಸಿಲು ನಿಮ್ಮ ಬೆನ್ನಿಗಿದ್ದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 400, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8, ಶಟರ್ ವೇಗ 1/2500 ಸೆಕೆಂಡ್ ಇಟ್ಟು ಶುರುಮಾಡಿ. ಒಂದು ಚಿತ್ರ ತೆಗೆದು ನೋಡಿ. ಮೆನುವಿನಲ್ಲಿ ‘ಹೈಲೈಟ್ ಅಲರ್ಟ್’ ಚಾಲೂ ಮಾಡಿದ್ದರೆ ಬಿಳುಪು ಸುಟ್ಟಿರುವ ಕಡೆ ತೆರೆ ಮಿಣುಕುತ್ತದೆ. ಹಕ್ಕಿಯ ಬೆನ್ನಿನ ಮೇಲೆ ಮಿಣುಕಿದರೆ ಶಟರ್ ವೇಗವನ್ನು 1/3200ಕ್ಕೆ ಏರಿಸಿ, ಮಿಣುಕು ನಿಲ್ಲುವವರೆಗೆ. ನೀರಿನ ಹೊಳಪಿನಲ್ಲಿ ಮಿಣುಕಿದರೆ ಹಾಗೇ ಬಿಡಿ.

ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ದಾಖಲಿಸಿದ್ದನ್ನೆಲ್ಲ ಉಳಿಸಿಕೊಳ್ಳುವ ಫೈಲಿನಲ್ಲಿ ತೆಗೆಯಿರಿ. ನೆರಳಿನಲ್ಲಿರುವ ಕಾಜಾಣದ ಗರಿಯನ್ನು ರಾ ಫೈಲಿನಿಂದ ಮೇಲೆತ್ತಬಹುದು. ಪೂರ್ತಿ ಸುಟ್ಟ ಬಿಳುಪನ್ನು ಯಾವ ಸಾಫ್ಟ್‌ವೇರ್‌ನಿಂದಲೂ ವಾಪಸು ತರಲಾಗದು. ಹಾಗಾಗಿ ಗೊಂದಲವಾದಾಗ ಬಿಳುಪನ್ನು ಕಾಪಾಡಿಕೊಳ್ಳಿ.

ಮೊದಲ ಕ್ಯಾಮೆರಾ ಕೊಳ್ಳಬೇಕು. ಕೆಲವರು 83 ಪಟ್ಟು ಜೂಮ್ ಇರುವ ಒಂದೇ ಕ್ಯಾಮೆರಾ ಸಾಕು ಎನ್ನುತ್ತಾರೆ, ಕೆಲವರು ಹಳೆಯ ಡಿಎಸ್‌ಎಲ್‌ಆರ್ (ಲೆನ್ಸು ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಕ್ಯಾಮೆರಾ) ಕೊಳ್ಳಿ ಎನ್ನುತ್ತಾರೆ. ಖರ್ಚಿಗೆ ಮಿತಿ ಇದೆ. (ಹಾಸನದಿಂದ)

ಉದ್ದೇಶ ಏನೆಂಬುದರ ಮೇಲೆ ಉತ್ತರ ಬದಲಾಗುತ್ತದೆ. ನಿಕಾನ್ ಪಿ950 ತರಹದ ಬ್ರಿಜ್ ಕ್ಯಾಮೆರಾದ (ಲೆನ್ಸು ಬದಲಿಸಲಾಗದ, ದೊಡ್ಡ ಜೂಮಿನ ಕ್ಯಾಮೆರಾ) ಜೂಮ್ 2000 ಮಿ.ಮೀ. ಲೆನ್ಸಿಗೆ ಸಮಾನ. ಕೆರೆಯ ಆಚೆ ದಡದ ಹಕ್ಕಿ ಯಾವುದೆಂದು ಗುರುತಿಸಲು, ದಾಖಲೆಗೆ ಒಂದು ಚಿತ್ರ ಇಟ್ಟುಕೊಳ್ಳಲು ಅದಕ್ಕಿಂತ ಅಗ್ಗದ, ಹಗುರದ ದಾರಿಯಿಲ್ಲ. ಆದರೆ ಅದರ ಸೆನ್ಸರ್ ಉಗುರಿನಷ್ಟು ಚಿಕ್ಕದು. ಮರದ ನೆರಳಿನಲ್ಲಿ, ಸಂಜೆಯಲ್ಲಿ ಐಎಸ್‌ಒ 800 ದಾಟಿತೆಂದರೆ ಗರಿಯ ಎಳೆಗಳು ಕಲಸಿಹೋಗುತ್ತವೆ. ಹಾರುವ ಹಕ್ಕಿಯನ್ನು ಹಿಂಬಾಲಿಸುವಷ್ಟು ಚುರುಕು ಅದರ ಫೋಕಸ್‌ಗಿಲ್ಲ.

ಗರಿ ಗರಿ ಕಾಣುವ ಚಿತ್ರ, ಹಾರಾಟದ ಚಿತ್ರ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಮತ್ತು 70-300 ಲೆನ್ಸಿನಿಂದ ಶುರುಮಾಡುವುದು ಒಳ್ಳೆಯದು. ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರಿನ ಮೇಲೆ 300 ಮಿ.ಮೀ. ಲೆನ್ಸು ನಿಕಾನ್‌ನಲ್ಲಿ 450ರಷ್ಟು, ಕ್ಯಾನನ್‌ನಲ್ಲಿ 480ರಷ್ಟು ನೋಟ ಕೊಡುತ್ತದೆ. ಹಣ ಕೂಡಿದ ಮೇಲೆ ಸಿಗ್ಮಾ ಅಥವಾ ಟ್ಯಾಮ್ರಾನ್‌ನ 150-600, ನಿಕಾನ್‌ನ 200-500 ಇವುಗಳಲ್ಲಿ ಒಂದಕ್ಕೆ ಏರಬಹುದು. ನಮ್ಮ ಹವ್ಯಾಸಿಗಳಲ್ಲಿ ಅತಿ ಹೆಚ್ಚು ಓಡಾಡುವ ಲೆನ್ಸುಗಳು ಇವೇ. ಅಗ್ಗಕ್ಕೆ ಸಿಗುವ 2 ಪಟ್ಟಿನ ಟೆಲಿಕನ್ವರ್ಟರ್ (ನೋಟ ಹಿಗ್ಗಿಸಲು ಲೆನ್ಸಿನ ಹಿಂದೆ ಜೋಡಿಸುವ ಗಾಜು) ಮಾತ್ರ ಬೇಡ. ಅದು ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಅಂದರೆ ಕಾಲು ಭಾಗ ಬೆಳಕಷ್ಟೇ ಉಳಿಯುತ್ತದೆ, ಎಫ್ 5.6 ಲೆನ್ಸು ಎಫ್ 11 ಆಗುತ್ತದೆ, ಬಹುಪಾಲು ಡಿಎಸ್‌ಎಲ್‌ಆರ್‌ಗಳಲ್ಲಿ ಆಟೊಫೋಕಸ್ಸೇ ನಿಂತುಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಾಲ್ಕು ಪರೀಕ್ಷೆ ಮಾಡಿ. ಮೊದಲನೆಯದು ಶಟರ್ ಕೌಂಟ್: ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್‌ಗಳ ಶಟರನ್ನು ಸುಮಾರು 1 ಲಕ್ಷ ಕ್ಲಿಕ್ಕಿಗೆ ಲೆಕ್ಕಹಾಕಿ ಮಾಡಿರುತ್ತಾರೆ, 30-40 ಸಾವಿರದೊಳಗಿದ್ದರೆ ನೆಮ್ಮದಿ. ಎರಡನೆಯದು ಫಂಗಸ್: ಲೆನ್ಸಿನ ಹಿಂಬದಿಯಿಂದ ಮೊಬೈಲಿನ ಟಾರ್ಚ್ ಹಾಕಿ ಮುಂಬದಿಯಿಂದ ಓರೆಯಾಗಿ ನೋಡಿ. ದೂಳಿನ ಚುಕ್ಕೆಗಳು ಇದ್ದೇ ಇರುತ್ತವೆ, ಅವುಗಳಿಂದ ತೊಂದರೆಯಿಲ್ಲ. ಅಂಚಿನಿಂದ ಕವಲೊಡೆದು ಒಳಗೆ ಹಬ್ಬಿದ ತೆಳು ಎಳೆಗಳು ಕಂಡರೆ ಅಲ್ಲೇ ಕೈಬಿಡಿ. ಮೂರನೆಯದು, ಜೂಮನ್ನು ಪೂರ್ತಿ ಚಾಚಿ ಲೆನ್ಸನ್ನು ನೆಲದ ಕಡೆ ಬಗ್ಗಿಸಿ, ಮೆಲ್ಲಗೆ ಅಲುಗಿಸಿ, ಒಳಗೆ ಸಡಿಲವಾದ ಸದ್ದು ಬರುತ್ತದೆಯೇ ಕೇಳಿ. ಕೊನೆಯದಾಗಿ, 10-15 ಮೀಟರ್ ದೂರದ ಗೋಡೆಯ ಬರಹಕ್ಕೆ ಪೂರ್ತಿ ಜೂಮಿನಲ್ಲಿ, ದೊಡ್ಡ ಅಪರ್ಚರಿನಲ್ಲಿ (ಅತಿ ಚಿಕ್ಕ ಎಫ್ ಅಂಕಿಯಲ್ಲಿ) ಹತ್ತು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಎಲ್ಲ ಚಿತ್ರಗಳೂ ಒಂದೇ ಬದಿಗೆ ಮಂಕಾಗಿದ್ದರೆ ಲೆನ್ಸು ಎಂದೋ ಬಿದ್ದು ಒಳಗಿನ ಗಾಜು ಓರೆಯಾಗಿರುವ ಸಾಧ್ಯತೆ ಹೆಚ್ಚು.

ನಿಕಾನ್‌ನ 3000, 5000 ಸರಣಿಯ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇರುವುದಿಲ್ಲ. ಸ್ವಂತ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸನ್ನು ಅವುಗಳ ಮೇಲೆ ಕೈಯಲ್ಲೇ ಫೋಕಸ್ ಮಾಡಬೇಕಾದೀತು. ಬಾಡಿ, ಲೆನ್ಸು ಬೇರೆ ಬೇರೆ ಕಡೆ ಕೊಳ್ಳುವವರು ಜೋಡಿಸಿ ನೋಡದೆ ದುಡ್ಡು ಕೊಡಬೇಡಿ.

ಹಾರುವ ಹಕ್ಕಿ ಒಂದೂ ಸ್ಪಷ್ಟವಾಗಿ ಬರುವುದಿಲ್ಲ. 1/500 ಇಡುತ್ತೇನೆ, ಆದರೂ ಮಸುಕು. (ಶಿವಮೊಗ್ಗದಿಂದ)

1/500 ಕೂತ ಹಕ್ಕಿಗೆ ಸರಿ. ಹೆಜ್ಜಾರ್ಲೆಯಂಥ ದೊಡ್ಡ ಹಕ್ಕಿ ನಿಧಾನಕ್ಕೆ ತೇಲಿ ಬರುವಾಗ 1/1250 ಸಾಕು. ಬೆಳ್ಳಕ್ಕಿ, ಗರುಡ, ಹದ್ದುಗಳಿಗೆ 1/1600ರಿಂದ 1/2000. ಕಳ್ಳಿಪೀರ, ಮಿಂಚುಳ್ಳಿ, ರೀವಗಳಿಗೆ 1/3200 ಇಲ್ಲದೆ ರೆಕ್ಕೆಯ ತುದಿ ನಿಲ್ಲುವುದಿಲ್ಲ. ಐಎಸ್‌ಒ ಏರಿದರೆ ಏರಲಿ. ನಾಯ್ಸ್ (ಕಾಳು ಕಾಳಾದ ಚುಕ್ಕೆಗಳು) ಇರುವ ಸ್ಪಷ್ಟ ಚಿತ್ರವನ್ನು ತಿದ್ದಬಹುದು, ಅಲುಗಿದ ಚಿತ್ರವನ್ನು ತಿದ್ದಲಾಗದು.

ಹಕ್ಕಿಯನ್ನು ಹಿಂಬಾಲಿಸುತ್ತಲೇ ಇರುವಂತೆ ಫೋಕಸನ್ನು ಕಂಟಿನ್ಯೂಯಸ್‌ಗೆ ಹಾಕಿ: ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೊ ಅಥವಾ ಸರ್ವೊ. ಖಾಲಿ ಆಕಾಶವಿದ್ದರೆ ಅಗಲದ ಫೋಕಸ್ ಜೋನ್, ಹಿಂದೆ ಮರಗಳಿದ್ದರೆ ನಡುವಿನ ಫೋಕಸ್ ಪಾಯಿಂಟುಗಳ ಸಣ್ಣ ಗುಂಪು. ಹೊಸ ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಹಕ್ಕಿಯ ಕಣ್ಣು ಹುಡುಕುವ ಸೌಲಭ್ಯವಿದ್ದರೆ ಖಂಡಿತ ಬಳಸಿ. ಆದರೆ ಮಿರರ್‌ಲೆಸ್‌ನ ಎಲೆಕ್ಟ್ರಾನಿಕ್ ಶಟರಿನಲ್ಲಿ ಒಂದು ತೊಡಕಿದೆ. ಹೆಚ್ಚಿನ ಮಾದರಿಗಳಲ್ಲಿ ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಅಷ್ಟರಲ್ಲಿ ರೆಕ್ಕೆ ಸರಿದಿರುತ್ತದೆ, ಚಿತ್ರದಲ್ಲಿ ಅದು ಸೊಟ್ಟಗೆ ಬರುತ್ತದೆ. ವೇಗದ ಸ್ಟ್ಯಾಕ್ಡ್ ಸೆನ್ಸರ್ ಇಲ್ಲದ ಕ್ಯಾಮೆರಾಗಳಲ್ಲಿ ಹಾರಾಟಕ್ಕೆ ಮೆಕ್ಯಾನಿಕಲ್ ಶಟರ್ ಇಟ್ಟುಕೊಳ್ಳಿ.

ಇನ್ನು ಯಾವ ಮೆನುವಿನಲ್ಲೂ ಇಲ್ಲದ ವಿಷಯ: ಗಾಳಿ. ಹಕ್ಕಿಗಳು ಗಾಳಿಗೆ ಮುಖಮಾಡಿ ಏಳುತ್ತವೆ, ಗಾಳಿಗೆ ಮುಖಮಾಡಿಯೇ ಇಳಿಯುತ್ತವೆ. ಕೆರೆಗೆ ಹೋದ ಕೂಡಲೇ ಒಂದು ಒಣ ಹುಲ್ಲೆಸಳನ್ನು ಮೇಲಕ್ಕೆ ತೂರಿ ನೋಡಿ. ಗಾಳಿಯೂ ಬಿಸಿಲೂ ಎರಡೂ ನಿಮ್ಮ ಬೆನ್ನ ಕಡೆಯಿಂದ ಬರುವಂಥ ದಡ ಸಿಕ್ಕರೆ ಅಲ್ಲೇ ಕೂರಿ. ಅಲ್ಲಿ ಏಳುವ, ಇಳಿಯುವ ಪ್ರತಿ ಹಕ್ಕಿಯೂ ಮುಖದ ಮೇಲೆ ಬೆಳಕು ಹೊತ್ತು ನಿಮ್ಮ ಕಡೆಗೇ ಬರುತ್ತದೆ. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಸಾವಿರ ಚಿತ್ರ ತೆಗೆದರೂ ಬಾಲಗಳೇ ಸಿಗುತ್ತವೆ.

ಹಾರುವ ಮೊದಲು ಹಕ್ಕಿ ಸುಳಿವು ಕೊಡುತ್ತದೆ. ಕೂತಲ್ಲೇ ಮೈ ಮುಂದಕ್ಕೆ ಬಾಗಿಸುತ್ತದೆ, ಕುತ್ತಿಗೆ ಚಾಚಿ ಒಂದೇ ದಿಕ್ಕು ನೋಡುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕುತ್ತದೆ. ಆಗಲೇ ಫೋಕಸ್ ಹಿಡಿದು ಬರ್ಸ್ಟ್ (ಒಂದರ ಹಿಂದೊಂದು ಸಾಲು ಚಿತ್ರ) ಶುರುಮಾಡಿ. ರೆಕ್ಕೆ ಬಿಚ್ಚಿದ್ದು ಕಂಡ ಮೇಲೆ ಒತ್ತಿದರೆ ತಡವಾಯಿತು. ಚೌಕಟ್ಟಿನಲ್ಲಿ ರೆಕ್ಕೆಗೆ ಜಾಗ ಬಿಟ್ಟಿರಿ, ಕೂತ ಹಕ್ಕಿಗೆ ಬಿಗಿಯಾಗಿ ಜೂಮ್ ಮಾಡಿಟ್ಟಿದ್ದರೆ ಎದ್ದಾಗ ರೆಕ್ಕೆಯ ತುದಿ ಕತ್ತರಿಸಿಹೋಗುತ್ತದೆ. ಅಭ್ಯಾಸಕ್ಕೆ ಊರಿನ ಪಾರಿವಾಳ, ಹದ್ದುಗಳೇ ಸಾಕು. ಅವುಗಳನ್ನು ವ್ಯೂಫೈಂಡರಿನಲ್ಲಿ ಹುಡುಕಿ ಹಿಡಿಯಲು ಕೈ ಪಳಗದೆ ಮಿಂಚುಳ್ಳಿಯ ಹಿಂದೆ ಹೋಗುವುದು ವ್ಯರ್ಥ.

ಮಾಗಡಿ ಕೆರೆಯ ಹೆಬ್ಬಾತುಗಳನ್ನು ದುಬಾರಿ 600 ಮಿ.ಮೀ. ಲೆನ್ಸಿನಲ್ಲಿ, ಟ್ರೈಪಾಡ್ ಮೇಲೆ, 1/2000ರಲ್ಲಿ ತೆಗೆದರೂ ಬಣ್ಣ ಕಲಸಿದಂತೆ ಬಂದಿವೆ. ಲೆನ್ಸನ್ನು ಸರ್ವಿಸ್‌ಗೆ ಕೊಡಬೇಕೇ? (ಗದಗದಿಂದ)

ಯಾವ ಹೊತ್ತಿನಲ್ಲಿ ತೆಗೆದಿರಿ ಎಂದು ಬರೆದಿಲ್ಲ. ನಡುಹಗಲಾಗಿದ್ದರೆ ಲೆನ್ಸಿನ ತಪ್ಪಿಲ್ಲ, ಬಿಸಿಗಾಳಿಯ ಆಟ. ಕಾದ ನೆಲದಿಂದ ಏಳುವ ಬಿಸಿಗಾಳಿ, ಅದರೊಳಗೆ ನುಗ್ಗುವ ತಂಪು ಗಾಳಿ ಬೆಳಕನ್ನು ಒಂದೇ ಸಮ ಬಗ್ಗಿಸುತ್ತಿರುತ್ತವೆ. ಬರಿಗಣ್ಣಿಗೆ ಅಷ್ಟಾಗಿ ಕಾಣದ ಈ ಅಲೆಯನ್ನು 600 ಮಿ.ಮೀ. ಲೆನ್ಸು ದೊಡ್ಡದು ಮಾಡಿ ತೋರಿಸುತ್ತದೆ. ಟ್ರೈಪಾಡ್ ಆಗಲಿ ಶಟರ್ ವೇಗವಾಗಲಿ ಇದಕ್ಕೆ ಮದ್ದಲ್ಲ.

ಖಚಿತಪಡಿಸಿಕೊಳ್ಳುವುದು ಸುಲಭ. ಅಲುಗದೆ ನಿಂತ ಹೆಬ್ಬಾತಿಗೆ ಒಂದೇ ಫೋಕಸಿನಲ್ಲಿ 20 ಚಿತ್ರ ತೆಗೆಯಿರಿ. ಒಂದೊಂದರಲ್ಲಿ ತಲೆಯ ಕಪ್ಪು ಪಟ್ಟೆಗಳ ಅಂಚು ಒಂದೊಂದು ರೀತಿ ವಕ್ರವಾಗಿದ್ದರೆ ಅದು ಬಿಸಿಗಾಳಿ. ಎಲ್ಲವೂ ಒಂದೇ ರೀತಿ ಮಂಕಾಗಿದ್ದರೆ ಆಗ ಲೆನ್ಸನ್ನು ಅನುಮಾನಿಸಿ. ಬೆಳಗಿನ ಮೊದಲ ಒಂದೂವರೆ ಗಂಟೆಯಲ್ಲಿ, 20-25 ಮೀಟರ್ ದೂರದ ವಸ್ತುವಿಗೆ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿದರೆ ಅನುಮಾನ ಪೂರ್ತಿ ತೀರುತ್ತದೆ.

ಇದಕ್ಕಿರುವ ಪರಿಹಾರ ಎರಡೇ: ಹೊತ್ತು ಮತ್ತು ದೂರ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳಿ ವಿಶ್ರಮಿಸುತ್ತವೆ. ಸೂರ್ಯ ಹುಟ್ಟುವ ಮೊದಲೇ ದಡದಲ್ಲಿ ಒಂದು ಕಡೆ ಕೂತುಬಿಟ್ಟರೆ ಗುಂಪುಗಳು ನಿಮ್ಮ ತಲೆಯ ಮೇಲೇ ಹಾದುಹೋಗುತ್ತವೆ, ಆಗ ನೆಲ ಇನ್ನೂ ಕಾದಿರುವುದಿಲ್ಲ. ಹತ್ತು ಗಂಟೆಯ ಮೇಲೆ 150 ಮೀಟರ್ ದೂರದ ಹಕ್ಕಿಗೆ ಕ್ಲಿಕ್ ಮಾಡುತ್ತ ಕೂರುವುದಕ್ಕಿಂತ ದುರ್ಬೀನಿನಲ್ಲಿ ನೋಡುತ್ತ ಕೂರುವುದು ಲೇಸು. ಹತ್ತಿರ ಹೋಗಲು ಬದುವಿನ ಮೇಲೆ ನಡೆದು ಗುಂಪನ್ನು ಎಬ್ಬಿಸಬೇಡಿ. ಹಿಮಾಲಯ ದಾಟಿ ಬಂದ ಹಕ್ಕಿಗಳಿವು, ವಾಪಸು ಹಾರಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ದಿನಕ್ಕೆ ನಾಲ್ಕು ಸಲ ಎಬ್ಬಿಸಿದರೆ ತಿಂದದ್ದು ಹಾರಾಟಕ್ಕೇ ಖರ್ಚಾಗುತ್ತದೆ.

ಕಾರಿನೊಳಗಿಂದ ತೆಗೆಯುವವರಿಗೂ ಇದೇ ಬಗೆಯ ತೊಂದರೆ ಕಾಡುತ್ತದೆ. ಎಸಿ ಹಾಕಿಕೊಂಡು ಬಂದು ಗಾಜು ಇಳಿಸಿದ ಕೂಡಲೇ ಒಳಗಿನ ತಂಪು, ಹೊರಗಿನ ಬಿಸಿ ಕಿಟಕಿಯಲ್ಲೇ ಬೆರೆಯುತ್ತವೆ. ಆಗ ಹತ್ತು ಮೀಟರ್ ದೂರದ ಟಿಟ್ಟಿಭವೂ ಮಂಕಾಗುತ್ತದೆ. ಹತ್ತು ನಿಮಿಷ ಮುಂಚೆಯೇ ಎಸಿ ಆರಿಸಿ ಎಲ್ಲ ಕಿಟಕಿ ತೆರೆಯಿರಿ, ಎಂಜಿನ್ ನಿಲ್ಲಿಸಿ. ಬಾಗಿಲು ತೆರೆಯದೆ ಕೂತಿದ್ದರೆ ಕಾರಿಗಿಂತ ಒಳ್ಳೆಯ ಮರೆ ಇನ್ನೊಂದಿಲ್ಲ. ಕಿಟಕಿಯ ಮೇಲೆ ಲೆನ್ಸಿಗೆ ಆಸರೆಯಾಗಿ ದಪ್ಪ ಬಟ್ಟೆಯ ಚೀಲ ಹೊಲಿಸಿ, ಎರಡು ಎರಡೂವರೆ ಕಿಲೊ ಅಕ್ಕಿ ಅಥವಾ ಹೆಸರುಕಾಳು ತುಂಬಿ. ಮುಕ್ಕಾಲು ಭಾಗ ಮಾತ್ರ ತುಂಬಿದರೆ ಲೆನ್ಸು ಒಳಕ್ಕೆ ಕುಳಿತುಕೊಳ್ಳುತ್ತದೆ. ಬಿಗಿಯಾಗಿ ತುಂಬಿದರೆ ಜಾರುತ್ತದೆ.

ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಒಯ್ಯಬಹುದೇ? ಯಾವ ಲೆನ್ಸು ಸಾಕು? (ಮೈಸೂರಿನಿಂದ)

ಟ್ರೈಪಾಡ್ ಮನೆಯಲ್ಲೇ ಬಿಡಿ. ದೋಣಿ ಅಲುಗಿದರೆ ಅದೂ ಅಲುಗುತ್ತದೆ, ಪಕ್ಕದವರ ಕಾಲಿಗೂ ತೊಡರುತ್ತದೆ. ಕೈಯಲ್ಲೇ ಹಿಡಿಯಿರಿ, ಮೊಣಕೈಗಳನ್ನು ದೋಣಿಯ ಅಂಚಿಗೆ ಒರಗಿಸದೆ ನಿಮ್ಮ ಪಕ್ಕೆಗೆ ಒತ್ತಿಕೊಳ್ಳಿ. ಕೂತ ಹಕ್ಕಿಗೂ 1/1000ಕ್ಕಿಂತ ಕೆಳಗೆ ಇಳಿಸಬೇಡಿ. ಅಲುಗಾಟ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸರ್ ಚಾಲೂ ಇರಲಿ. ದೋಣಿ ದಿಣ್ಣೆಗಳ ಪಕ್ಕದಲ್ಲೇ ಸಾಗುವುದರಿಂದ 100-400 ಜೂಮ್ ಧಾರಾಳವಾಗಿ ಸಾಕು. ಜೂಮ್ ಆಗದ 600ರಲ್ಲಿ ಬಣ್ಣದ ಕೊಕ್ಕರೆಯ ತಲೆ ಸಿಕ್ಕರೆ ಕಾಲು ಸಿಗುವುದಿಲ್ಲ. ಬಂಡೆಗಳ ಮೇಲಿನ ಮೊಸಳೆ ಕಂಡ ಕೂಡಲೇ ಎಲ್ಲರೂ ಒಂದೇ ಕಡೆ ಎದ್ದು ನಿಲ್ಲುತ್ತಾರೆ. ನೀವು ಏಳಬೇಡಿ, ಕೂತೇ ತೆಗೆಯಿರಿ. ಕೂತಾಗ ಹಕ್ಕಿಯ ಕಣ್ಣಿನ ಮಟ್ಟಕ್ಕೆ ನಿಮ್ಮ ಲೆನ್ಸೂ ಹತ್ತಿರವಾಗುತ್ತದೆ, ಚಿತ್ರಕ್ಕೆ ಅದೇ ಲಾಭ.

ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ವಿಹಾರ ನಿಲ್ಲಿಸುತ್ತಾರೆ. ವಿಚಾರಿಸಿಕೊಂಡೇ ಹೊರಡಿ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಎನಿಸಿಕೊಂಡ ಜಾಗವಿದು. ಹುಟ್ಟು ಹಾಕುವ ಸಿಬ್ಬಂದಿಗೆ ‘ಇನ್ನೂ ಹತ್ತಿರ ಒಯ್ಯಿರಿ’ ಎಂದು ಒತ್ತಡ ಹೇರುವುದು, ಅದಕ್ಕೆಂದು ಕೈಗೆ ದುಡ್ಡು ತುರುಕುವುದು ಸಲ್ಲದು. ಗೂಡಿನಿಂದ ದೊಡ್ಡ ಹಕ್ಕಿ ಎದ್ದರೆ ಮೊಟ್ಟೆಯ ಮೇಲೆ ಬಿಸಿಲು ಬೀಳುತ್ತದೆ, ಕಾಗೆಗಳಿಗೆ ದಾರಿಯಾಗುತ್ತದೆ.

ದೋಣಿ ಒಗ್ಗದವರಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ನೆಲದಿಂದ ಮೇಲಕ್ಕೆ ತೆಗೆದರೆ ಹೊಟ್ಟೆ ಮತ್ತು ಬಿಳಿ ಆಕಾಶವೇ ಬರುವುದರಿಂದ ಮರದಿಂದ ಹಿಂದೆ ಸರಿದು ದೂರದಿಂದ ತೆಗೆಯಿರಿ, ಕೋನ ತಗ್ಗುತ್ತದೆ. ಯಾರದಾದರೂ ಮನೆಯ ತಾರಸಿ ಹತ್ತುವ ಮುನ್ನ ಮನೆಯವರನ್ನು ಕೇಳಿ. ಹಕ್ಕಿಗಳನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದವರು ಅವರು.

ಗೂಡಿನ ಚಿತ್ರ ತೆಗೆಯುವುದು ತಪ್ಪೇ? ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನು ಎಲ್ಲರೂ ಮಾಡುತ್ತಾರಲ್ಲ? (ಶಿರಸಿ ಮತ್ತು ದಾಂಡೇಲಿಯಿಂದ ಎರಡು ಪತ್ರ)

ಕಾನೂನಿನಿಂದಲೇ ಶುರುಮಾಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬುದಕ್ಕೆ ಕೊಡುವ ವಿವರಣೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಸೇರಿವೆ. ಚಿತ್ರ ಚೆನ್ನಾಗಿ ಬರಲೆಂದು ಗೂಡಿನ ಮುಂದಿನ ಎಲೆ, ಕೊಂಬೆ ಕತ್ತರಿಸುವವರು ಇದನ್ನು ನೆನಪಿಡಬೇಕು. ಆ ಎಲೆ ಇದ್ದದ್ದೇ ಬಿಸಿಲಿಗೆ, ಹಾವಿಗೆ, ಕೆಂಬೂತಕ್ಕೆ ಮರೆಯಾಗಿ.

ಮಂಗಟ್ಟೆಯ ವಿಚಾರದಲ್ಲಿ ನಾವು ಖಡಾಖಂಡಿತವಾಗಿ ಹೇಳುತ್ತೇವೆ: ಗೂಡಿನ ಮರದ ಹತ್ತಿರ ಹೋಗಬೇಡಿ. ದೊಡ್ಡ ಮರದ ಪೊಟರೆಯೊಳಗೆ ಹೆಣ್ಣು ಹಕ್ಕಿ ಹೊಕ್ಕು, ಪೊಟರೆಯ ಬಾಯನ್ನು ಹಿಕ್ಕೆ, ಮಣ್ಣುಗಳಿಂದ ಮುಚ್ಚಿಕೊಂಡು, ಕೊಕ್ಕು ಹಿಡಿಯುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೇ ಅದರ ಹಾರುಗರಿ ಉದುರುತ್ತದೆ. ಅಷ್ಟೂ ತಿಂಗಳು ಅದಕ್ಕೂ ಮರಿಗೂ ಗಂಡು ತಂದುಕೊಡುವ ಆಹಾರವೇ ಗತಿ. ಮರದಡಿ ಹತ್ತು ಜನ ಬಣ್ಣದ ಅಂಗಿ ಹಾಕಿ ನಿಂತಿದ್ದರೆ ಗಂಟಲ ತುಂಬ ಹಣ್ಣು ತುಂಬಿಕೊಂಡ ಗಂಡು ದೂರದ ಮರದಲ್ಲೇ ಕೂರುತ್ತದೆ, ಕೊನೆಗೆ ಹಾರಿಹೋಗುತ್ತದೆ. ಒಳಗಿರುವವಕ್ಕೆ ಆ ಹೊತ್ತಿನ ಊಟವಿಲ್ಲ. ಮಂಗಟ್ಟೆಯ ಚಿತ್ರ ಬೇಕೆಂದರೆ ಹಣ್ಣಾದ ಆಲ, ಬಸರಿ, ಅತ್ತಿ ಮರ ಹುಡುಕಿ. ನಸುಕಿನಲ್ಲೇ 30-40 ಮೀಟರ್ ದೂರದಲ್ಲಿ, ಬಿಸಿಲು ಬೆನ್ನಿಗೆ ಬೀಳುವಂತೆ ಕೂರಿ. ರೆಕ್ಕೆಯ ಜೋರು ಸದ್ದು ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ. ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಹಿಡಿದು ಮೇಲಕ್ಕೆಸೆದು ನುಂಗುವ ಗಳಿಗೆಗೆ 1/1600 ಇಟ್ಟುಕೊಳ್ಳಿ. ಗೂಡಿನ ಮುಂದಿನ ನೂರು ಚಿತ್ರಗಳಿಗಿಂತ ಇದು ಮಿಗಿಲು.

ಗೀಜಗನಂತೆ ತೆರೆದ ಜಾಗದಲ್ಲಿ ನೇಯುವ ಹಕ್ಕಿಯನ್ನು ದೂರದಿಂದ ತೆಗೆಯಬಹುದು. ಸರಿಯಾದ ದೂರ ಎಷ್ಟೆಂದು ಹಕ್ಕಿಯೇ ಹೇಳುತ್ತದೆ. ಕೊಕ್ಕಿನಲ್ಲಿ ನಾರು ಅಥವಾ ಹುಳ ಹಿಡಿದ ಹಕ್ಕಿ ಹತ್ತು ನಿಮಿಷವಾದರೂ ಗೂಡಿಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಹಾರುತ್ತ ಒಂದೇ ಸಮ ಕೂಗುತ್ತಿದ್ದರೆ ನೀವು ಅತಿ ಹತ್ತಿರದಲ್ಲಿದ್ದೀರಿ. ತಕ್ಷಣ ಹಿಂದೆ ಸರಿಯಿರಿ.

ಇನ್ನು ಕೂಗು ಹಾಕಿ ಕರೆಯುವುದು. ಮೊಬೈಲಿನ ಕೂಗು ಕೇಳಿ ಬರುವ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದು ಜಗಳಕ್ಕೆ ಬಂದಿರುತ್ತದೆ. ಮೇವು ಬಿಟ್ಟು, ಮರಿಗಳನ್ನು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ಹೆಸರಾದ ತಾಣಗಳಲ್ಲಿ ಒಬ್ಬರ ಹಿಂದೆ ಒಬ್ಬರು ಇದನ್ನೇ ಮಾಡಿದರೆ ಆ ಹಕ್ಕಿಗೆ ದಿನವಿಡೀ ಜಗಳವೇ. ಎಲ್ಲರೂ ಮಾಡುತ್ತಾರೆ ಎಂಬುದೇ ಇದರ ಅಪಾಯ. ನವರಂಗವನ್ನು ನೋಡಬೇಕೆಂದರೆ ಚಳಿಗಾಲದ ಮುಂಜಾನೆ, ತರಗೆಲೆ ಹಾಸಿದ ನೆರಳಿನಲ್ಲಿ ಕೆಳಗೆ ಕೂತು ಅರ್ಧ ಗಂಟೆ ಅಲುಗಬೇಡಿ. ಎಲೆ ಕೆದಕುವ ಸದ್ದಿಗೆ ಕಿವಿಗೊಡಿ.

ಪೊದೆಯೊಳಗಿನ ಹಕ್ಕಿಯ ಬದಲು ಮುಂದಿನ ಕಡ್ಡಿಗೇ ಫೋಕಸ್ ಆಗುತ್ತದೆ. (ತುಮಕೂರಿನಿಂದ)

ಫೋಕಸ್ ಪಾಯಿಂಟನ್ನು ಒಂದೇ ಒಂದು, ಅದರಲ್ಲೂ ಅತಿ ಸಣ್ಣದಕ್ಕೆ ಬದಲಿಸಿ ಹಕ್ಕಿಯ ಕತ್ತಿನ ಮೇಲಿಡಿ. ಆದರೂ ಕಡ್ಡಿಯನ್ನೇ ಹಿಡಿದರೆ ಫೋಕಸ್ ರಿಂಗನ್ನು ಕೈಯಲ್ಲಿ ತಿರುಗಿಸಿ ಹಕ್ಕಿಯ ಹತ್ತಿರಕ್ಕೆ ತಂದು, ಆಮೇಲೆ ಗುಂಡಿ ಒತ್ತಿ. 400 ಮಿ.ಮೀ., ಎಫ್ 5.6ರಲ್ಲಿ 5 ಮೀಟರ್ ದೂರದ ಹಕ್ಕಿಯ ಸುಮಾರು ಮೂರೂವರೆ ಸೆಂ.ಮೀ. ಆಳ ಮಾತ್ರ ಸ್ಪಷ್ಟವಾಗಿರುತ್ತದೆ. ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿದ್ದಾಗ ಕೊಕ್ಕಿನಿಂದ ಬಾಲದವರೆಗೆ ಸಿಗುತ್ತದೆ, ನಿಮ್ಮ ಕಡೆ ಮುಖ ಮಾಡಿದ್ದರೆ ಕಣ್ಣೊಂದನ್ನು ಕಾಪಾಡಿಕೊಳ್ಳಿ.

ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಏನಾದರೂ ಸಾಧ್ಯವೇ?

ಸಾಧ್ಯ. ಅಗಲದ ಮಣ್ಣಿನ ತಟ್ಟೆಯಲ್ಲಿ ಎರಡು ಇಂಚಿಗಿಂತ ಹೆಚ್ಚಿಲ್ಲದಂತೆ ನೀರಿಡಿ, ಕಾಲೂರಲು ನಡುವೆ ಒರಟು ಕಲ್ಲು ಹಾಕಿ. ದಿನಾ ನೀರು ಚೆಲ್ಲಿ, ತಟ್ಟೆ ಉಜ್ಜಿ ಹೊಸದು ತುಂಬಿ. ಬಿಟ್ಟರೆ ಸೊಳ್ಳೆಯೂ ರೋಗವೂ ಬರುತ್ತವೆ. ತಟ್ಟೆಯಿಂದ ಒಂದಡಿ ದೂರಕ್ಕೆ ತೊಗಟೆಯಿರುವ ಕೊಂಬೆಯೊಂದನ್ನು ಕಟ್ಟಿ. ಹಕ್ಕಿ ಮೊದಲು ಅಲ್ಲಿ ಕೂತು ಆಚೀಚೆ ನೋಡುತ್ತದೆ, ಚಿತ್ರ ತೆಗೆಯಬೇಕಾದದ್ದು ಅಲ್ಲೇ. ಕೊಂಬೆಯ ಹಿಂದೆ ಎದುರು ಮನೆಯ ಗೋಡೆ ಬಾರದೆ ದೂರದ ಮರದ ಹಸಿರು ಬರುವಂತೆ ಕೋನ ಹುಡುಕಿ. ದಾಸವಾಳ, ಕೇಪಳದ ಕುಂಡಗಳಿದ್ದರೆ ಸೂರಕ್ಕಿ ತಾನಾಗಿ ಬರುತ್ತದೆ; ಪಿಕಳಾರ, ಮಡಿವಾಳ ನೀರಿಗೆ ಬರುತ್ತವೆ. ಗಂಡು ಸೂರಕ್ಕಿಯ ಕತ್ತಿನ ಹೊಳಪು ಬೆಳಕಿನ ಕೋನ ಕೂಡಿದಾಗ ಮಾತ್ರ ಕಾಣುತ್ತದೆ, ಅದು ತಲೆ ತಿರುಗಿಸುವಾಗ ಸಣ್ಣ ಬರ್ಸ್ಟ್ ತೆಗೆಯಿರಿ. ಹತ್ತಿರದ ದೊಡ್ಡ ಗಾಜಿಗೆ ಹಕ್ಕಿ ಡಿಕ್ಕಿ ಹೊಡೆಯದಂತೆ ಹೊರಬದಿಗೆ ಎರಡೆರಡು ಇಂಚಿಗೊಂದು ಚುಕ್ಕೆ ಅಂಟಿಸಿ.

ತೀರ್ಥಹಳ್ಳಿಯ ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದಂತೆ ಏನು ಮಾಡಬೇಕು?

ಮೊದಲು ಕ್ಯಾಮೆರಾ ಬ್ಯಾಗಿನಿಂದ ಲೆನ್ಸನ್ನು ಹೊರಗೆ ತೆಗೆಯಿರಿ. ಬ್ಯಾಗಿನ ಸ್ಪಂಜು ತೇವ ಹೀರಿಕೊಂಡು ತಿಂಗಳುಗಟ್ಟಲೆ ಹಿಡಿದಿಟ್ಟಿರುತ್ತದೆ, ಬೀರುವಿನೊಳಗಿನ ಬ್ಯಾಗು ಫಂಗಸ್‌ಗೆ ಹೇಳಿ ಮಾಡಿಸಿದ ಜಾಗ. ತೇವಾಂಶ ಶೇ. 40ರಿಂದ 50ರ ನಡುವೆ ಇರಬೇಕು. ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಳ್ಳಲಾದರೆ ಚಿಂತೆಯಿಲ್ಲ. ಆಗದಿದ್ದರೆ ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ 10-15 ಲೀಟರಿನ ಪ್ಲಾಸ್ಟಿಕ್ ಡಬ್ಬ, ಬಟ್ಟೆಯ ಚೀಲದಲ್ಲಿ 250 ಗ್ರಾಂ ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವಾಂಶ ಮಾಪಕ. ಕಿತ್ತಳೆ ಬಣ್ಣದ ಜೆಲ್ ತರಿಸಿ, ತೇವ ಹೀರಿದಾಗ ಅದು ಹಸಿರಾಗುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ವಸ್ತುವಿರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದ ಜೆಲ್ಲನ್ನು ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು, ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ. ಆ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ. ಮಾಪಕ ಶೇ. 30ಕ್ಕಿಂತ ಕೆಳಗಿಳಿದರೆ ಜೆಲ್ ಕಮ್ಮಿ ಮಾಡಿ. ಅತಿ ಒಣಗಿದರೆ ಲೆನ್ಸಿನ ಜಿಡ್ಡು ಒಣಗುತ್ತದೆ.

ಮಳೆಯಲ್ಲಿ ನೆನೆದು ಬಂದ ಲೆನ್ಸನ್ನು ನೇರ ಡಬ್ಬಕ್ಕೆ ತುಂಬಬೇಡಿ. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಫ್ಯಾನಿನಡಿ ಒಂದು ಗಂಟೆ ಇಟ್ಟು, ಜೂಮನ್ನು ಚಾಚಿ ಕೊಳವೆಯನ್ನೂ ಒರೆಸಿ. ಎಸಿ ಕೋಣೆಯಿಂದ ಹೊರಗೆ ಒಯ್ಯುವಾಗ ಅರ್ಧ ಗಂಟೆ ಬ್ಯಾಗಿನೊಳಗೇ ಬಿಟ್ಟರೆ ಗಾಜಿನ ಮೇಲೆ ಹನಿ ಕಟ್ಟುವುದಿಲ್ಲ. ವಾರಕ್ಕೊಮ್ಮೆಯಾದರೂ ಲೆನ್ಸನ್ನು ಹೊರತೆಗೆದು ಬಳಸಿ. ಫಂಗಸ್ ಆಗಲೇ ಹಿಡಿದಿದ್ದರೆ ತಡಮಾಡದೆ ಸರ್ವಿಸ್‌ಗೆ ಕೊಡಿ, ಗಾಜಿನ ಲೇಪನವನ್ನು ಒಮ್ಮೆ ಅದು ತಿಂದುಬಿಟ್ಟರೆ ಒರೆಸಿದರೂ ಗುರುತು ಉಳಿಯುತ್ತದೆ. ಆ ಲೆನ್ಸನ್ನು ಅಲ್ಲಿಯವರೆಗೆ ಬೇರೆಯವುಗಳ ಜೊತೆ ಒಂದೇ ಡಬ್ಬದಲ್ಲಿಡಬೇಡಿ.

ತೆಗೆದ ಸಾವಿರಾರು ಚಿತ್ರಗಳನ್ನು ಏನು ಮಾಡುವುದು? (ಉಡುಪಿಯಿಂದ)

ಅದೇ ದಿನ ಕೂತು ಮಸುಕಾದವನ್ನು ಅಳಿಸಿ, ಉಳಿದವನ್ನು ಎರಡು ಹಾರ್ಡ್ ಡಿಸ್ಕಿಗೆ ಹಾಕಿ. ಹೆಸರು ಗೊತ್ತಾಗದ ಹಕ್ಕಿಯದ್ದಾದರೆ ಚಿತ್ರ ಮಸುಕಾದರೂ ಇಟ್ಟುಕೊಳ್ಳಿ, ರೆಕ್ಕೆಯ ಪಟ್ಟೆ ಬಾಲದ ಅಂಚು ಕಂಡರೆ ಗುರುತಿಗೆ ಸಾಕಾಗುತ್ತದೆ. ದಿನ, ಜಾಗ, ಎಣಿಕೆಯ ಜೊತೆಗೆ ಇಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಸೇರಿಸಿದರೆ ಯಾವ ಹಕ್ಕಿ ಎಲ್ಲಿ, ಯಾವ ತಿಂಗಳಲ್ಲಿದೆ ಎಂದು ಅಧ್ಯಯನ ಮಾಡುವವರಿಗೆ ಬಳಕೆಗೆ ಬರುತ್ತದೆ. ಗೂಡಿನ, ಗೂಬೆಯ ಚಿತ್ರಗಳನ್ನು ವಾಟ್ಸ್ಆ್ಯಪ್, ಫೇಸ್‌ಬುಕ್ಕಿನಲ್ಲಿ ಹಾಕುವುದಾದರೆ ಮೊದಲು ಫೈಲಿನೊಳಗಿನ ಜಿಪಿಎಸ್ ವಿವರ ಅಳಿಸಿ, ಊರಿನ ಹೆಸರು ಬರೆಯದೆ ಜಿಲ್ಲೆಯ ಹೆಸರಿಗೇ ನಿಲ್ಲಿಸಿ. ಮರಿ ಹಾರಿಹೋದ ಮೇಲೆ ಹಾಕಿದರೆ ಇನ್ನೂ ಒಳ್ಳೆಯದು.